ಪಕ್ಕದೂರಿಗೆ ಚರ್ಮಗಂಟು ಬಂದಿದೆ, ಈಗ ಲಸಿಕೆ ಹಾಕಿಸಬಹುದಾ?

ಪ್ರಶ್ನೆ: ಡಾಕ್ಟರ್ ಸರ್, ನಮಸ್ಕಾರ. ನಮ್ಮದು ಹಾವೇರಿ ಜಿಲ್ಲೆ, ಹಾನಗಲ್ ತಾಲ್ಲೂಕು. ಮನೆಯಲ್ಲಿ ಒಂದು ಜೋಡಿ ಎತ್ತು, ಒಂದು ಎಚ್‌ಎಫ್ ತಳಿಯ ಸೀಮೆ ಆಕಳು, ಅದರ ಹೆಣ್ಣುಕರು, ಒಂದು ಎಮ್ಮೆ ಇವೆ. ನಾಲ್ಕು ಕಿಲೋಮೀಟರ್ ದೂರದ ಊರಿನಲ್ಲಿ ಎರಡು ದನಕ್ಕೆ ಚರ್ಮಗಂಟು ಬಂದಿದೆ ಅಂತ ಸುದ್ದಿ. ಬೇಸಿಗೆಯಲ್ಲಿ ಲಸಿಕೆಯವರು ಮನೆಗೇ ಬಂದಿದ್ದರು. ಹಾಲು ಇಳಿಯುತ್ತದೆ ಅಂತ ನಮ್ಮ ಮಾವನವರು ಬೇಡ ಅಂದು ಕಳಿಸಿದರು. ಈಗ ಭಯ ಆಗ್ತಿದೆ. ಈಗ ಹಾಕಿಸಬಹುದಾ? ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ರೋಗ ಬಂದ ಮೇಲೆ ಸಂತೆ ಬಂದ್ ಮಾಡುವ ಸರ್ಕಾರ, ಅದಕ್ಕೂ ಮೊದಲು ಏನು ಮಾಡುತ್ತಿರುತ್ತದೆ? 2022ರಲ್ಲಿ ನಮ್ಮ ಒಂದು ಎತ್ತು ಹೋಯಿತು. ಕಿವಿಗೆ ಸರ್ಕಾರದ ನಂಬರಿನ ಓಲೆ ಇರಲಿಲ್ಲ. ಯಾರಿಗೂ ಹೇಳದೆ ಹೂಳಿಬಿಟ್ಟೆವು. ಒಂದು ರೂಪಾಯಿ ಪರಿಹಾರ ಬರಲಿಲ್ಲ.

ಉತ್ತರ: ನಮಸ್ಕಾರ ತಂಗಿ. ಮೊದಲು ನಿಮ್ಮ ಕೊಟ್ಟಿಗೆಯ ಮಾತು ಮುಗಿಸೋಣ. ಸರ್ಕಾರದ ಮಾತು ಆಮೇಲೆ. ಬೇಜಾರೇನೂ ಇಲ್ಲ, ಮೂವತ್ತು ವರ್ಷದ ನೌಕರಿಯಲ್ಲಿ ಇದಕ್ಕಿಂತ ಖಾರವಾಗಿ ಕೇಳಿದವರಿದ್ದಾರೆ.

ಹಾಕಿಸಬಹುದು. ನಾಳೆಯೇ ಹಾಕಿಸಿ. ರೋಗ ಕಂಡ ಊರಿನ ಸುತ್ತ ಐದು ಕಿಲೋಮೀಟರ್ ಒಳಗಿನ ದನಗಳಿಗೆಲ್ಲ ಲಸಿಕೆ ಹಾಕಿ ಬೇಲಿ ಕಟ್ಟುವುದು ಇಲಾಖೆಯ ಕ್ರಮ. ನೀವು ನಾಲ್ಕು ಕಿಲೋಮೀಟರ್ ಅಂದಿರಿ. ಅಂದರೆ ಬೇಲಿಯ ಒಳಗೇ ಇದ್ದೀರಿ. ನೀವು ಕರೆಯದಿದ್ದರೂ ಅವರು ಬರಬೇಕಿತ್ತು. ಬಂದಿಲ್ಲ ಅಂದರೆ ಬಹುಶಃ ಸುದ್ದಿ ನಿಮ್ಮ ಕಿವಿಗೆ ಬಿದ್ದಷ್ಟು ಬೇಗ ದನದ ದವಾಖಾನೆಯ ಕಿವಿಗೆ ಬಿದ್ದಿಲ್ಲ. ಈ ಮಾತು ಮುಂದೆ ಮತ್ತೆ ಬರುತ್ತದೆ.

ಆದರೆ ಈ ಲಸಿಕೆ ಆರೋಗ್ಯವಾಗಿರುವ ದನಕ್ಕೆ ಮಾತ್ರ. ಜ್ವರ ಇರುವುದಕ್ಕೆ, ಗಂಟು ಎದ್ದಿರುವುದಕ್ಕೆ ಹಾಕುವುದಿಲ್ಲ. ಹಾಗಾಗಿ ದವಾಖಾನೆಗೆ ಹೋಗುವ ಮೊದಲು ಒಂದು ಕೆಲಸ ಮಾಡಿ. ಬೆಳಕು ಹರಿದ ಮೇಲೆ ಗೋದಲಿಗೆ ಮೇವು ಹಾಕಿ, ಒಂದೊಂದೇ ದನದ ಮೈ ಸವರಿ ನೋಡಿ. ಕಣ್ಣಿನಲ್ಲಿ ನೋಡಿದರೆ ಸಾಲದು, ಅಂಗೈ ಇಡಬೇಕು. ಕುತ್ತಿಗೆಯಿಂದ ಶುರು ಮಾಡಿ ಹೆಗಲು, ಪಕ್ಕೆ, ಕೆಚ್ಚಲು, ತೊಡೆಯ ಸಂದಿಯವರೆಗೆ ಬನ್ನಿ. ಗಂಟು ಮೊದಲು ಅವರೆಕಾಳಿನಷ್ಟೇ ಇರುತ್ತದೆ. ಆ ಜಾಗದಲ್ಲಿ ಕೂದಲು ನಿಮಿರಿ ನಿಂತಿರುತ್ತದೆ, ಓರೆ ಬಿಸಿಲಿನಲ್ಲಿ ಚೆನ್ನಾಗಿ ಕಾಣುತ್ತದೆ. ಆಮೇಲೆ ಅಡಿಕೆಯಷ್ಟಾಗುತ್ತದೆ, ಕೆಲವು ನಿಂಬೆಕಾಯಿಯಷ್ಟು. ನೊಣ, ಉಣ್ಣಿ ಕಚ್ಚಿದ ದದ್ದು ಮೆತ್ತಗೆ ಇದ್ದು ಒಂದೆರಡು ದಿನದಲ್ಲಿ ಇಳಿದುಹೋಗುತ್ತದೆ. ಚರ್ಮಗಂಟಿನದು ಹಾಗಲ್ಲ. ಗಟ್ಟಿ, ದುಂಡಗೆ, ತೊಗಲಿನ ಪೂರ್ತಿ ದಪ್ಪಕ್ಕೆ ಬೇರು ಬಿಟ್ಟಂತೆ. ಭುಜದ ಮುಂದೆ ಒಂದು ಗಡ್ಡೆ ಇರುತ್ತದೆ, ಅದು ಊದಿದೆಯಾ ನೋಡಿ. ಕಣ್ಣಲ್ಲಿ ನೀರು, ಮೂಗಲ್ಲಿ ಸಿಂಬಳ, ಬಾಯಲ್ಲಿ ಜೊಲ್ಲು, ಮೇವು ಬಿಟ್ಟಿರುವುದು, ಕಾಲು ಬಾತಿರುವುದು, ಇದ್ದಕ್ಕಿದ್ದಂತೆ ಹಾಲು ಕಡಿಮೆಯಾಗಿರುವುದು, ಇವೆಲ್ಲ ಗಂಟಿಗಿಂತ ಮೊದಲೇ ಬರಬಹುದು. ಮನೆಯಲ್ಲಿ ಥರ್ಮಾಮೀಟರ್ ಇದ್ದರೆ ಗುದದಲ್ಲಿಟ್ಟು ನೋಡಿ. ಆಕಳಿಗೆ 101.5 ಡಿಗ್ರಿ ಫ್ಯಾರನ್‌ಹೀಟ್ ಸರಿಯಾದದ್ದು. 103 ದಾಟಿದರೆ ಆ ದನವನ್ನು ಅವತ್ತೇ ಬೇರೆ ಕಟ್ಟಿ.

ಬೇರೆ ಕಟ್ಟುವುದು ಅಂದರೆ ಅದೇ ಕೊಟ್ಟಿಗೆಯ ಆ ಮೂಲೆಗಲ್ಲ. ಹಿತ್ತಲಿಗೋ ಕಣಕ್ಕೋ ಒಯ್ಯಬೇಕು. ಬಕೆಟ್ ಬೇರೆ, ಹಗ್ಗ ಬೇರೆ. ಒಂದೇ ಕೈ ಎರಡೂ ಕಡೆ ಹಾಲು ಹಿಂಡಬೇಕಾದರೆ ಮೊದಲು ಚೆನ್ನಾಗಿರುವ ದನದ ಕೆಲಸ ಮುಗಿಸಿ, ಕೊನೆಗೆ ರೋಗದ್ದರ ಹತ್ತಿರ ಹೋಗಿ. ಈ ರೋಗ ಮುಖ್ಯವಾಗಿ ಹರಡುವುದು ರಕ್ತ ಹೀರುವ ನೊಣ, ಗುಂಗಾಡು, ಉಣ್ಣಿಯಿಂದ. ಹಾಗಾಗಿ ತಿಪ್ಪೆ ಕೊಟ್ಟಿಗೆಯ ಬಾಗಿಲಲ್ಲೇ ಇದ್ದರೆ ದೂರ ಸರಿಸಿ, ನೀರು ನಿಲ್ಲದ ಹಾಗೆ ನೋಡಿಕೊಳ್ಳಿ. ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕಿ. ಉಣ್ಣಿಗೆ ಔಷಧಿಯನ್ನು ಡಾಕ್ಟರ ಹತ್ತಿರ ಕೇಳಿ ತನ್ನಿ, ಬೆಳೆಗೆ ಹೊಡೆಯುವ ಎಣ್ಣೆಯನ್ನು ದನದ ಮೈಗೆ ಬಳಿಯಬೇಡಿ. ಹಾಗೆ ಬಳಿದು ಸತ್ತ ದನಗಳನ್ನು ನಾನೇ ಕೊಯ್ದು ನೋಡಿದ್ದೇನೆ. ಎತ್ತನ್ನು ಯಾರಿಗೂ ಕಡ ಕೊಡಬೇಡಿ, ನೀವೂ ತರಬೇಡಿ. ಎಡೆ ಹೊಡೆಯುವ ಕಾಲ, ನಂಟಸ್ತಿಕೆ ಇರುತ್ತದೆ, ಕಷ್ಟ ಅಂತ ಗೊತ್ತು. ಒಂದು ತಿಂಗಳ ಮಟ್ಟಿಗೆ ಹೇಗಾದರೂ ತಡೆಯಿರಿ. ಲಸಿಕೆಯ ಬಲ ಮೈಗೆ ಹತ್ತಲು ಸುಮಾರು ಮೂರು ವಾರ ಬೇಕು. ಇವತ್ತು ಚುಚ್ಚಿ ನಾಳೆ ಸಂತೆಗೆ ಹೊಡೆದರೆ ಚುಚ್ಚಿದ್ದೂ ವ್ಯರ್ಥ.

ಎಮ್ಮೆಗೆ ಈ ರೋಗ ಕಡಿಮೆ, ಆಕಳು ಎತ್ತಿನಷ್ಟು ಬಾಧಿಸುವುದಿಲ್ಲ. ಮನುಷ್ಯರಿಗೆ ಬರುವುದೇ ಇಲ್ಲ. ಹಾಲನ್ನು ಕಾಯಿಸಿ ಕುಡಿಯಿರಿ, ಅಷ್ಟೆ.

ಈಗ ಮಾವನವರ ಮಾತು. ಅವರನ್ನು ಬೈಯಬೇಡಿ, ಅವರ ಮಾತಿನಲ್ಲಿ ಸುಳ್ಳಿಲ್ಲ. ಲಸಿಕೆ ಹಾಕಿದ ಮೇಲೆ ಎರಡು ಮೂರು ದಿನ ಹಾಲು ಇಳಿಯಬಹುದು. ಸಣ್ಣ ಜ್ವರ ಬರಬಹುದು, ಚುಚ್ಚಿದ ಜಾಗದಲ್ಲಿ ಬಾವು ಬರಬಹುದು. ಆಮೇಲೆ ಹಾಲು ಮೊದಲಿನಂತೆ ಆಗುತ್ತದೆ. ಈ ಮಾತನ್ನು ಲಸಿಕೆ ಹಾಕಲು ಬಂದವರು ಹೇಳುವುದಿಲ್ಲ. ಒಂದು ಬೆಳಿಗ್ಗೆ ಇಡೀ ಊರು ಮುಗಿಸುವ ಅವಸರ ಅವರಿಗೆ. ರೈತ ಮರುದಿನ ಡೇರಿಗೆ ಹೋದಾಗ ಎರಡು ಲೀಟರ್ ಕಡಿಮೆ ನೋಡುತ್ತಾನೆ, ಮುಂದಿನ ಸಲ ಬಾಗಿಲು ಹಾಕಿಕೊಳ್ಳುತ್ತಾನೆ. ಮೊದಲೇ ಹೇಳಿದ್ದರೆ ಅವನೇನು ಬೇಡ ಅನ್ನುತ್ತಿರಲಿಲ್ಲ. ಮಾವನವರಿಗೆ ಲೆಕ್ಕ ಹಾಕಿ ತೋರಿಸಿ: ಮೂರು ದಿನದ ಹಾಲು ಎಷ್ಟು, ಚರ್ಮಗಂಟು ಬಂದರೆ ಒಂದೆರಡು ತಿಂಗಳು ಬತ್ತುವ ಕೆಚ್ಚಲು ಎಷ್ಟು, ಎತ್ತು ಹೋದರೆ ಎಷ್ಟು. ಎತ್ತಿನ ಲೆಕ್ಕ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೊನೆಯ ತಿಂಗಳ ಗಬ್ಬದ ದನ ಇದ್ದರೆ ಮಾತ್ರ ಸೂಜಿ ತೆಗೆಯುವ ಮೊದಲೇ ಡಾಕ್ಟರಿಗೆ ಹೇಳಿ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಸರ್ಕಾರ ಮೊದಲು ಏನು ಮಾಡುತ್ತಿರುತ್ತದೆ?

ಮಾಡುತ್ತಿರುತ್ತದೆ. ನಿಮಗೆ ಕಾಣುವುದಿಲ್ಲ. ಯಲಹಂಕದಲ್ಲಿ ನಿವೇದಿ ಅಂತ ಕೇಂದ್ರ ಸರ್ಕಾರದ ಒಂದು ಸಂಸ್ಥೆ ಇದೆ. ದೇಶದ ಪಶುರೋಗಗಳ ಲೆಕ್ಕ ಇಡುವುದೇ ಅವರ ಕೆಲಸ. ಹಿಂದಿನ ವರ್ಷಗಳಲ್ಲಿ ಯಾವ ರೋಗ ಎಲ್ಲಿ ಬಂದಿತ್ತು, ಮಳೆ ಎಷ್ಟು, ಬಿಸಿಲು ಎಷ್ಟು ಎಂದು ಕೂಡಿಸಿ ಕಳೆದು, ಇಂಥ ಜಿಲ್ಲೆಗೆ ಇಂಥ ರೋಗ ಬರಬಹುದು ಎಂದು ಎರಡು ತಿಂಗಳು ಮೊದಲೇ ಎಚ್ಚರಿಕೆ ಕಳಿಸುತ್ತಾರೆ. ಬೆಂಗಳೂರಿನ ಹೆಬ್ಬಾಳದಲ್ಲಿ ರಾಜ್ಯದ್ದೇ ಒಂದು ಲಸಿಕೆ ಸಂಸ್ಥೆ ಇದೆ. 1925ರಲ್ಲಿ ಶುರುವಾದದ್ದು, ನೂರು ವರ್ಷ ಆಯಿತು. ಮಳೆಗಾಲದ ಮೊದಲು ನಿಮ್ಮ ದನಕ್ಕೆ ಹಾಕುವ ಗಂಟಲು ಬೇನೆ, ಚಪ್ಪೆ ಬೇನೆಯ ಲಸಿಕೆಗಳು ಅಲ್ಲಿ ತಯಾರಾಗುತ್ತವೆ. ಕಾಲುಬಾಯಿ ಬೇನೆಗೆ ಮತ್ತು ದನ ಕಂದು ಹಾಕುವ ಬ್ರುಸೆಲ್ಲಾ ರೋಗಕ್ಕೆ 2019ರ ಸೆಪ್ಟೆಂಬರಿನಲ್ಲಿ ದೇಶಕ್ಕೆಲ್ಲ ಒಂದೇ ಕಾರ್ಯಕ್ರಮ ಬಂತು, ಐದು ವರ್ಷಕ್ಕೆ 13,343 ಕೋಟಿ ರೂಪಾಯಿ. ವರ್ಷಕ್ಕೆ ಎರಡು ಸಲ ಮನೆಮನೆಗೆ ಬಂದು ಕಾಲುಬಾಯಿ ಲಸಿಕೆ ಹಾಕುತ್ತಾರಲ್ಲ, ಅದೇ ಇದು. ಕಿವಿಗೆ 12 ಅಂಕಿಯ ಹಳದಿ ಓಲೆ ಹಾಕುವುದೂ ಇದರ ಜೊತೆಗೇ. ಲಸಿಕೆ ಹಾಕಿ ಸುಮ್ನೆ ಕೂರುವುದೂ ಇಲ್ಲ. ಕೆಲವು ದನಗಳ ರಕ್ತ ತೆಗೆದು, ಲಸಿಕೆ ನಿಜವಾಗಿ ಮೈಗೆ ಹತ್ತಿದೆಯಾ ಎಂದು ಪರೀಕ್ಷೆ ಮಾಡುತ್ತಾರೆ.

ಯಾಕೆ ಹತ್ತದೆ ಹೋಗಬಹುದು? ನನ್ನದೇ ತಪ್ಪೊಂದು ಹೇಳುತ್ತೇನೆ. ನೌಕರಿಗೆ ಸೇರಿದ ಹೊಸತು. ಗದಗ ಕಡೆಯ ಒಂದು ಹಳ್ಳಿ, ಏಪ್ರಿಲ್ ಬಿಸಿಲು, ಕರೆಂಟ್ ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ಕಾಲುಬಾಯಿ ಲಸಿಕೆಯ ಬಾಟಲಿಗಳು ಕೆಡಬಾರದು ಎಂದು ಜಾಣತನ ಮಾಡಿ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ, ಐಸ್ ಕಟ್ಟುವ ಜಾಗದಲ್ಲಿ ಇಟ್ಟೆ. ಎಷ್ಟು ತಂಪೋ ಅಷ್ಟು ಒಳ್ಳೆಯದು ಅಂತ ನನ್ನ ತಿಳಿವಳಿಕೆ. ಬೆಳಿಗ್ಗೆ ಹಿರಿಯ ಡಾಕ್ಟರು ಬಂದು ಒಂದು ಬಾಟಲಿ ತೆಗೆದು ಬೆಳಕಿಗೆ ಹಿಡಿದರು. ಹಾಲಿನಂತೆ ಒಂದೇ ಸಮ ಇರಬೇಕಾದ ಮದ್ದು ಕರಗಿದ ಮೇಲೆ ಎರಡು ಪದರವಾಗಿತ್ತು. ಮೇಲೆ ಎಣ್ಣೆ, ಕೆಳಗೆ ನೀರು. “ಇದನ್ನು ಚುಚ್ಚಿದರೆ ದನಕ್ಕೆ ಬಾವು ಬರ್ತದೆ, ಬಲ ಬರೋದಿಲ್ಲ” ಅಂದರು. ಅಷ್ಟೂ ಬಾಟಲಿಯನ್ನು ನನ್ನ ಕೈಯಿಂದಲೇ ಗುಂಡಿಗೆ ಹಾಕಿಸಿದರು. ಆ ಲಸಿಕೆಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪು ಬೇಕು. ಹೆಚ್ಚೂ ಆಗಬಾರದು, ಕಮ್ಮಿಯೂ ಆಗಬಾರದು. ಕಾರ್ಖಾನೆಯಿಂದ ನಿಮ್ಮ ಎತ್ತಿನ ಕುತ್ತಿಗೆಯವರೆಗೆ ಆ ತಂಪು ಎಲ್ಲೂ ತಪ್ಪಬಾರದು. ಅದಕ್ಕೇ ಹೇಳುವುದು, ಲಸಿಕೆಯವರು ಬಂದಾಗ ಐಸ್ ಪೆಟ್ಟಿಗೆ ಇದೆಯಾ ಎಂದು ನೀವೂ ನೋಡಿ. ಬಾಟಲಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಂದಿದ್ದರೆ ಕೇಳಿ. ಕೇಳುವುದು ತಪ್ಪಲ್ಲ.

ಇಷ್ಟೆಲ್ಲ ಇದ್ದೂ 2022ರಲ್ಲಿ ಏನಾಯಿತು? ನೀವು ಎತ್ತು ಕಳಕೊಂಡಿರಿ. ನಾನು ಆಗ ಇದೇ ಜಿಲ್ಲೆಯಲ್ಲಿದ್ದೆ. ಹಾವೇರಿ, ಧಾರವಾಡ, ಗದಗ ಜಿಲ್ಲೆಗಳಿಗೆ ಜೋರಾಗಿಯೇ ಬಡಿಯಿತು. ಈ ರೋಗ ನಮ್ಮ ದೇಶಕ್ಕೆ ಹೊಸದು. 1929ರಲ್ಲಿ ಆಫ್ರಿಕಾದ ಜಾಂಬಿಯಾದಲ್ಲಿ ಮೊದಲು ಕಂಡದ್ದು, ಭಾರತಕ್ಕೆ ಬಂದದ್ದು 2019ರಲ್ಲಿ, ಒಡಿಶಾದಲ್ಲಿ. 2022ರಲ್ಲಿ ರಾಜಸ್ಥಾನ, ಗುಜರಾತ್ ಕಡೆ ಎದ್ದು ದೇಶದಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ದನ ಸತ್ತವು. ನಮ್ಮ ಹತ್ತಿರ ಈ ರೋಗಕ್ಕೇ ಅಂತ ಮಾಡಿದ ಲಸಿಕೆ ಇರಲಿಲ್ಲ. ಆಡಿನ ಸಿಡುಬಿನ ಲಸಿಕೆಯನ್ನೇ ದನಕ್ಕೆ ಹಾಕಿದೆವು. ಎರಡೂ ಒಂದೇ ಬಳಗದ ವೈರಾಣು, ಹಾಗಾಗಿ ಕೆಲಸ ಮಾಡಿತು. ಈಗ ಪರಿಸ್ಥಿತಿ ಬೇರೆ. ಈ ರೋಗದ್ದೇ ಲಸಿಕೆಯನ್ನು ನಮ್ಮ ವಿಜ್ಞಾನಿಗಳು ತಯಾರಿಸಿದ್ದಾರೆ, ಕರ್ನಾಟಕದ್ದೇ ಕಂಪನಿಯೊಂದರ ಲಸಿಕೆಗೆ 2025ರಲ್ಲಿ ಪರವಾನಗಿಯೂ ಸಿಕ್ಕಿದೆ.

ನನ್ನ ಸಿಟ್ಟು ಇರುವುದು ಬೇರೆ ಕಡೆ. ಮುನ್ಸೂಚನೆ ಬಂದರೆ ಸಾಲದು, ಅದು ಬಂದ ದಿನ ಪೆಟ್ಟಿಗೆಯಲ್ಲಿ ಮದ್ದು ಇರಬೇಕು, ಪೆಟ್ಟಿಗೆ ಹೊರಲು ಆಳು ಇರಬೇಕು. ನಾನು ಕೆಲಸ ಮಾಡಿದ ಒಂದು ದವಾಖಾನೆಯಲ್ಲಿ ಮೂರು ಹುದ್ದೆ ಖಾಲಿ, ಪಕ್ಕದ ಎರಡು ದವಾಖಾನೆಯ ಚಾರ್ಜೂ ನನಗೇ. ಆ ಶ್ರಾವಣದಲ್ಲಿ ಒಂದು ದಿನ ನನ್ನ ಕೈಯಲ್ಲಿದ್ದ ಡೋಸು ಮುನ್ನೂರು, ಊರಿನ ದನ ಒಂಬೈನೂರು. ಯಾವ ಓಣಿಗೆ ಹಾಕಬೇಕು, ಯಾವ ಓಣಿ ಬಿಡಬೇಕು? ಊರಿನ ಹಿರಿಯರು ಕೂತು ಎತ್ತಿಗೆ ಮೊದಲು ಅಂದರು. ಹಾಗೇ ಮಾಡಿದೆ. ಬಿಟ್ಟ ಓಣಿಯ ಹೆಣ್ಣುಮಗಳೊಬ್ಬಳು ತನ್ನ ಆಕಳ ಕಣ್ಣಿ ಹಿಡಿದುಕೊಂಡು ಜೀಪಿನ ಮುಂದೆ ನಿಂತದ್ದು ಇನ್ನೂ ಕಣ್ಣ ಮುಂದಿದೆ. ಮಾತಾಡಲಿಲ್ಲ, ಸುಮ್ಮನೆ ನಿಂತಿದ್ದಳು. ಹಾಗಾಗಿ ಸರ್ಕಾರ ಎಲ್ಲವನ್ನೂ ಮಾಡಿತ್ತು ಎಂದು ನಾನು ವಾದಿಸುವುದಿಲ್ಲ. ಖಾಲಿ ಹುದ್ದೆ ತುಂಬದೆ ಹೋದರೆ ಎಷ್ಟೇ ಕೋಟಿಯ ಕಾರ್ಯಕ್ರಮವೂ ಕಾಗದದ ಮೇಲಿನ ಹೋರಿ, ಉಳಲು ಬರುವುದಿಲ್ಲ.

ಆದರೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಅದೇ ವರ್ಷದ ಮಾತು. ಹಾವೇರಿಯ ಜಾನುವಾರು ಸಂತೆ ದೊಡ್ಡದು, ಗುರುವಾರ ಸೇರುತ್ತದೆ, ಎಲ್ಲೆಲ್ಲಿಂದಲೋ ವ್ಯಾಪಾರಿಗಳು ಬರುತ್ತಾರೆ. ಸಂತೆ ಇನ್ನೂ ನಿಂತಿರಲಿಲ್ಲ. ನಾವು ಇಬ್ಬರು ಡಾಕ್ಟರು ಸುಮ್ಮನೆ ಒಂದು ಸುತ್ತು ಹಾಕೋಣ ಎಂದು ಹೋದೆವು. ಒಂದು ಬೇವಿನ ಮರದ ಕೆಳಗೆ ಒಳ್ಳೆಯ ಬಿಳಿ ಎತ್ತು, ಕೋಡಿಗೆ ಎಣ್ಣೆ ಹಚ್ಚಿದೆ, ಬೆನ್ನ ಮೇಲೆ ಬಣ್ಣದ ಝೂಲ. ಕಾರಹುಣ್ಣಿಮೆ ಮುಗಿದು ಎರಡು ತಿಂಗಳಾಗಿತ್ತು. ಹೋರಿ ಹಬ್ಬ ದೀಪಾವಳಿಯ ಮೇಲೆ. ನಡುವೆ ಇದೇನು ಸಿಂಗಾರ? ನಮ್ಮ ಜೊತೆಗಾರ ಮಾತಾಡುತ್ತಲೇ ಝೂಲದ ಅಂಚು ಎತ್ತಿದರು. ಪಕ್ಕೆಯ ತುಂಬ ಗಂಟು, ಎರಡು ಒಡೆದಿದ್ದವು. ಒಡೆದ ಜಾಗಕ್ಕೆ ಅರಿಶಿನ ಮೆತ್ತಿತ್ತು. ರೈತ ತಲೆ ತಗ್ಗಿಸಿದ. “ಸಾಯೋದರೊಳಗ ಮಾರೂಣು ಅಂತ ಬಂದೆ ಸಾಹೇಬ್ರ, ಮನ್ಯಾಗ ಸಾಲ ಐತಿ” ಅಂದ. ಏನು ಹೇಳುತ್ತೀರಿ ಅವನಿಗೆ? ಅವನು ಬಂದ ದಾರಿಯ ಉದ್ದಕ್ಕೂ, ಅವನ ಎಡಬಲಕ್ಕೆ ಕಟ್ಟಿದ್ದ ಇಪ್ಪತ್ತು ಮೂವತ್ತು ದನಗಳ ಮೇಲೂ ಅವೇ ನೊಣ ಕೂತಿದ್ದವು. ಸಂಜೆ ಹೊತ್ತಿಗೆ ಆ ದನಗಳು ಹತ್ತು ದಿಕ್ಕಿಗೆ ಹೋಗಿರುತ್ತವೆ.

ಸಂತೆ ಬಂದ್ ಮಾಡುವುದು ಇದಕ್ಕೆ. ನಿಮಗೆ ನಷ್ಟ ಆಗುತ್ತದೆ, ಒಪ್ಪುತ್ತೇನೆ. ಬಿತ್ತಿದ ಮೇಲೆ ಕೈ ಖಾಲಿ ಇರುವಾಗ ಒಂದು ಹೋರಿ ಮಾರಿ ಗೊಬ್ಬರ ತರುವವರೇ ಜಾಸ್ತಿ. ಆದರೆ ನೊಣ ತಾನಾಗಿ ದೂರ ಹೋಗುವುದಿಲ್ಲ. ರೋಗವನ್ನು ಐವತ್ತು, ನೂರು ಕಿಲೋಮೀಟರ್ ಒಯ್ಯುವುದು ಲಾರಿ, ಟೆಂಪೊ. 2009ರ ಪಶುರೋಗ ನಿಯಂತ್ರಣ ಕಾಯ್ದೆ ಸರ್ಕಾರಕ್ಕೆ ಈ ಅಧಿಕಾರ ಕೊಟ್ಟಿದೆ: ಒಂದು ಪ್ರದೇಶವನ್ನು ನಿಯಂತ್ರಿತ ಪ್ರದೇಶ ಎಂದು ಘೋಷಿಸಿ, ಅಲ್ಲಿಂದ ದನ ಸಾಗಿಸುವುದನ್ನು, ಸಂತೆ, ಜಾತ್ರೆ, ಪ್ರದರ್ಶನ ನಡೆಸುವುದನ್ನು ತಡೆಯಬಹುದು. ನನ್ನ ತಕರಾರು ಬಂದ್ ಮಾಡುವುದರ ಬಗ್ಗೆ ಅಲ್ಲ, ತಡವಾಗಿ ಮಾಡುವುದರ ಬಗ್ಗೆ. ಮೊದಲ ನಾಲ್ಕು ದನ ಬಿದ್ದಾಗ ಎರಡು ವಾರ ನಿಲ್ಲಿಸಿದರೆ ಸಾಕಾಗುವುದು, ನಾನೂರು ಬಿದ್ದ ಮೇಲೆ ಎರಡು ತಿಂಗಳು ನಿಲ್ಲಿಸಿದರೂ ಸಾಲುವುದಿಲ್ಲ.

ಹಾಗಾದರೆ ಮೊದಲ ನಾಲ್ಕು ಬಿದ್ದದ್ದು ಯಾರಿಗೆ ಗೊತ್ತಿರುತ್ತದೆ? ಇಲ್ಲಿಗೇ ಬರಬೇಕೆಂದು ಇಷ್ಟು ಸುತ್ತಿದೆ. ಯಲಹಂಕದವರಿಗೆ ಗೊತ್ತಿರುವುದಿಲ್ಲ, ಡಿಸಿ ಸಾಹೇಬರಿಗೆ ಗೊತ್ತಿರುವುದಿಲ್ಲ. ನಿಮಗೆ ಗೊತ್ತಿರುತ್ತದೆ, ಪಕ್ಕದ ಮನೆಯವರಿಗೆ, ಡೇರಿ ಕಾರ್ಯದರ್ಶಿಗೆ. ಒಂದೇ ಮನೆಯ ಹಾಲು ಎರಡು ಹೊತ್ತು ಬರಲಿಲ್ಲ ಅಂದರೆ ಡೇರಿಯಲ್ಲಿ ಕ್ಯಾನು ಹಿಡಿದು ನಿಂತವರಿಗೆಲ್ಲ ಗೊತ್ತಾಗುತ್ತದೆ. ಆದರೆ ಅದು ಅಲ್ಲೇ ನಿಲ್ಲುತ್ತದೆ.

ದೊಡ್ಡ ರೋಗ, ಅಂದರೆ ರಿಂಡರ್‌ಪೆಸ್ಟ್, ಅದರ ಹೆಸರು ನಿಮ್ಮ ಮಾವನವರು ಕೇಳಿರುತ್ತಾರೆ. ಊರಿಗೆ ಊರೇ ಕೊಟ್ಟಿಗೆ ಖಾಲಿಯಾಗುತ್ತಿದ್ದ ಕಾಲ ಅದು. 1954ರಲ್ಲಿ ಅದರ ವಿರುದ್ಧ ದೇಶದ ಕಾರ್ಯಕ್ರಮ ಶುರುವಾಯಿತು, 1995ರಲ್ಲಿ ಕೊನೆಯ ಸಲ ಕಾಣಿಸಿತು, 2006ರಲ್ಲಿ ಭಾರತ ಅದರಿಂದ ಮುಕ್ತ ಎಂದು ಅಂತರರಾಷ್ಟ್ರೀಯ ಸಂಸ್ಥೆ ಒಪ್ಪಿತು. 2011ರಲ್ಲಿ ಜಗತ್ತಿನಿಂದಲೇ ಹೋಯಿತು. ಲಸಿಕೆಯಿಂದ ಹೋಯಿತು ಎಂದು ಎಲ್ಲರೂ ಹೇಳುತ್ತಾರೆ. ನಿಜ, ಆದರೆ ಅರ್ಧ. ಕೊನೆಯ ವರ್ಷಗಳಲ್ಲಿ ಲಸಿಕೆ ನಿಲ್ಲಿಸಿ ಹಳ್ಳಿ ಹಳ್ಳಿ ತಿರುಗಿ ಕೇಳುವ ಕೆಲಸ ನಡೆಯಿತು. ಈ ವರ್ಷ ಬಾಯಿ ಹುಣ್ಣಾಗಿ ಭೇದಿ ಆಗಿ ಸತ್ತ ದನ ಇದೆಯಾ, ಬೇರೆ ಊರಿನಲ್ಲಿ ಕೇಳಿದ್ದೀರಾ, ಕುರಿಗಾರರು ಏನಾದರೂ ಹೇಳಿದರಾ. ಹೀಗೆ ಕೇಳಿ ಕೇಳಿಯೇ ರೋಗ ಎಲ್ಲೂ ಅಡಗಿಲ್ಲ ಎಂದು ಖಾತ್ರಿ ಮಾಡಿಕೊಂಡದ್ದು. ಸೂಜಿಯಷ್ಟೇ ಕೆಲಸವನ್ನು ಸುದ್ದಿಯೂ ಮಾಡಿತು.

ಹೇಳುವುದು ಹೇಗೆ? 1962ಕ್ಕೆ ಫೋನ್ ಮಾಡಿ. ಹಣ ಬೇಡ. ಡಾಕ್ಟರನ್ನು ಮನೆ ಬಾಗಿಲಿಗೆ ಕರೆತರುವ ಪಶು ಸಂಜೀವಿನಿ ವಾಹನ ಬರುವುದೂ ಇದೇ ನಂಬರಿನಿಂದ. ಸುಮಾರು ಒಂದು ಲಕ್ಷ ಜಾನುವಾರಿಗೆ ಒಂದು ವಾಹನ ಎಂಬ ಲೆಕ್ಕ, ಹಾಗಾಗಿ ಕರೆದ ಗಳಿಗೆಗೆ ಬಾಗಿಲಲ್ಲಿ ಇರುತ್ತದೆ ಎಂದುಕೊಳ್ಳಬೇಡಿ. ಆದರೆ ಕರೆ ದಾಖಲಾಗುತ್ತದೆ, ಅದು ಮುಖ್ಯ. ಜೊತೆಗೆ ನಿಮ್ಮ ದವಾಖಾನೆಗೂ ಹೇಳಿ. ಫೋನ್ ಎತ್ತದಿದ್ದರೆ ಒಂದು ಬಿಳಿ ಹಾಳೆಯಲ್ಲಿ ನಾಲ್ಕು ಸಾಲು ಬರೆದು ಗ್ರಾಮ ಪಂಚಾಯಿತಿಗೆ ಕೊಡಿ, ಸ್ವೀಕೃತಿ ತಗೊಳ್ಳಿ. ಅದೇ 2009ರ ಕಾಯ್ದೆಯಲ್ಲಿ, ರೋಗದ ಅನುಮಾನ ಬಂದ ಕೂಡಲೇ ಪಂಚಾಯಿತಿಗೋ ಗ್ರಾಮದ ಅಧಿಕಾರಿಗೋ ತಿಳಿಸುವುದು ದನದ ಮಾಲೀಕರ ಹೊಣೆ ಎಂದಿದೆ, ಅಲ್ಲಿಂದ ಡಾಕ್ಟರಿಗೆ ಹೋಗಬೇಕು. ಗಂಟಿನ ಫೋಟೊ ತೆಗೆದು ಕಳಿಸಿದರೆ ಇನ್ನೂ ಒಳ್ಳೆಯದು. ಪಕ್ಕದೂರಿನ ಆ ಎರಡು ದನದ ಬಗ್ಗೆಯೂ ನೀವೇ ಹೇಳಿ. ಚಾಡಿ ಅಂತ ಅಂದುಕೊಳ್ಳಬೇಡಿ.

ಪರಿಹಾರದ ಮಾತು. 2022ರಲ್ಲಿ ಚರ್ಮಗಂಟಿನಿಂದ ಸತ್ತ ಆಕಳಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಎಂದು ರಾಜ್ಯ ಸರ್ಕಾರ ಕೊಟ್ಟಿತು. ನಿಮ್ಮ ಎತ್ತು ಅದರಲ್ಲಿ ಬರಬೇಕಿತ್ತು. ಬರಲಿಲ್ಲ, ಯಾಕೆಂದರೆ ಸರ್ಕಾರದ ಪುಸ್ತಕದಲ್ಲಿ ಆ ಎತ್ತು ಹುಟ್ಟೇ ಇರಲಿಲ್ಲ. ಓಲೆ ಇಲ್ಲ, ಡಾಕ್ಟರು ನೋಡಿಲ್ಲ, ಮಣ್ಣು ಮುಚ್ಚಿಯಾಯಿತು. ಈಗ ಏನೂ ಮಾಡಲು ಬರುವುದಿಲ್ಲ, ಆಸೆ ಹುಟ್ಟಿಸುವುದಿಲ್ಲ. ಇರುವ ದನಗಳಿಗಾದರೂ ಈ ತಿಂಗಳೇ ಓಲೆ ಹಾಕಿಸಿ. ಕಿವಿ ಹರಿದು ಓಲೆ ಬಿದ್ದಿದ್ದರೆ ಹೊಸದು ಹಾಕಿಸಿ, ನಂಬರನ್ನು ಫೋನಿನಲ್ಲಿ ಫೋಟೊ ಮಾಡಿಟ್ಟುಕೊಳ್ಳಿ. ಅನುಗ್ರಹ ಯೋಜನೆಯಲ್ಲಿ ಆಕಸ್ಮಿಕವಾಗಿ ಸತ್ತ ದನ, ಎಮ್ಮೆಗೆ ಕೊಡುತ್ತಿದ್ದ 10,000 ರೂಪಾಯಿಯನ್ನು 2025-26ರ ಬಜೆಟ್ಟಿನಲ್ಲಿ 15,000ಕ್ಕೆ ಏರಿಸಿದರು. ಕುರಿ, ಆಡಿಗೆ 7,500. ಯಾವ ಯೋಜನೆಯೇ ಇರಲಿ, ವಿಮೆಯೇ ಇರಲಿ, ಮೊದಲ ಕಾಗದ ಡಾಕ್ಟರದ್ದೇ. ಹೂಳುವ ಮೊದಲು ಅವರು ನೋಡಲೇಬೇಕು.

ಹೂಳುವುದೂ ಸರಿಯಾಗಿ ಆಗಬೇಕು. ಹಳ್ಳದ ದಂಡೆಗೆ ಬಿಸಾಡುವುದು ಬೇಡ. ಆರಡಿ ಆಳದ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿ, ಬಾವಿ, ಬೋರ್‌ವೆಲ್‌ನಿಂದ ದೂರ. ಚರ್ಮಗಂಟಿನ ಒಣ ಹೊಪ್ಪಳೆಯಲ್ಲಿ ಆ ವೈರಾಣು ಒಂದು ತಿಂಗಳಿಗೂ ಹೆಚ್ಚು ಬದುಕಿರುತ್ತದೆ, ಹಾಗಾಗಿ ಕೊಟ್ಟಿಗೆಯ ನೆಲ ಕೆರೆದು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ತೊಳೆದು ಬಿಸಿಲು ಬೀಳುವಂತೆ ಬಿಡಿ. ಇದರ ನಡುವೆ ಒಂದು ಎಚ್ಚರಿಕೆ. ಯಾವುದೇ ದನ ಅಥವಾ ಕುರಿ ನಿಂತಂತೆಯೇ ಸತ್ತು, ಮೂಗು, ಗುದದಿಂದ ಕಪ್ಪು ರಕ್ತ ಸೋರಿ ಹೆಪ್ಪುಗಟ್ಟದೆ ಇದ್ದರೆ, ಅದನ್ನು ಕೊಯ್ಯಬೇಡಿ, ಚರ್ಮ ಸುಲಿಯಬೇಡಿ, ಮುಟ್ಟಲೂಬೇಡಿ. ಅದು ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ಇರಬಹುದು. ಮನುಷ್ಯರಿಗೂ ಬರುತ್ತದೆ, ಮಣ್ಣಿನಲ್ಲಿ ಹತ್ತಾರು ವರ್ಷ ಉಳಿಯುತ್ತದೆ. ನೇರ ಡಾಕ್ಟರಿಗೆ ಫೋನ್.

ವೀಳ್ಯದೆಲೆ, ಮೆಣಸು, ಉಪ್ಪು, ಬೆಲ್ಲ ಅರೆದು ತಿನ್ನಿಸುವ ಮನೆಮದ್ದಿನ ಬಗ್ಗೆ ನೀವು ಕೇಳಿಲ್ಲ, ಆದರೆ ಎಲ್ಲರೂ ಕೇಳುತ್ತಾರೆ. ತಿನ್ನಿಸಿ, ನಾನೂ ಹೇಳಿಕೊಟ್ಟಿದ್ದೇನೆ. ಮೇವು ಬಿಟ್ಟ ದನ ಒಂದಿಷ್ಟು ಬಾಯಾಡಿಸುತ್ತದೆ. ಒಡೆದ ಗಾಯಕ್ಕೆ ಬೇವು, ಅರಿಶಿನದ ಎಣ್ಣೆ ನೊಣ ಕೂರದ ಹಾಗೆ ನೋಡಿಕೊಳ್ಳುತ್ತದೆ. ಅದು ಲಸಿಕೆಗೆ ಬದಲಿ ಅಲ್ಲ, ಡಾಕ್ಟರಿಗೂ ಬದಲಿ ಅಲ್ಲ. ರೋಗ ಬಂದ ಎತ್ತಿಗೆ ನೊಗ ಮಾತ್ರ ಹೂಡಬೇಡಿ, ಗಂಟು ಒಣಗಿದ ಮೇಲೂ ಡಾಕ್ಟರು ಹೇಳುವವರೆಗೆ ಬೇಡ.

ಮುಂದಿನ ವರ್ಷಕ್ಕೆ ಒಂದು ಲೆಕ್ಕ ಇಟ್ಟುಕೊಳ್ಳಿ. ಚರ್ಮಗಂಟಿನದು ವರ್ಷಕ್ಕೊಮ್ಮೆ. ನೊಣ ಏಳುವುದು ಮಳೆ ಬಿದ್ದ ಮೇಲೆ, ಲಸಿಕೆಗೆ ಮೂರು ವಾರ ಬೇಕು. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಹಚ್ಚುವ ಹೊತ್ತಿಗೆ ಚರ್ಮಗಂಟು, ಗಂಟಲು ಬೇನೆ, ಚಪ್ಪೆ ಬೇನೆ ಮೂರರ ಲಸಿಕೆಯೂ ಮುಗಿದಿರಲಿ. ಮೇ ತಿಂಗಳ ಮೊದಲ ವಾರದೊಳಗೆ ಯಾರೂ ಬರದಿದ್ದರೆ ಓಣಿಯ ಹತ್ತು ಮನೆಯವರು ಕೂಡಿ ದವಾಖಾನೆಗೆ ಹೋಗಿ. ಒಬ್ಬರು ಹೋದರೆ ನಾಳೆ ಬಾ ಅನ್ನುತ್ತಾರೆ, ಹತ್ತು ಜನ ಹೋದರೆ ತಾರೀಕು ಹೇಳುತ್ತಾರೆ. ಇದು ಒಳಗಿದ್ದವನ ಮಾತು, ನಂಬಿ.

ಕೊನೆಗೆ ನಿಮ್ಮ ಕರು. ಹೆಣ್ಣುಕರು ಅಂದಿರಿ, ಎಷ್ಟು ತಿಂಗಳು ಅಂತ ಬರೆದಿಲ್ಲ. ದನ ಕಂದು ಹಾಕುವ ಬ್ರುಸೆಲ್ಲಾ ರೋಗಕ್ಕೆ ಒಂದು ಲಸಿಕೆ ಇದೆ. ಹೆಣ್ಣುಕರುವಿಗೆ ಮಾತ್ರ, ನಾಲ್ಕರಿಂದ ಎಂಟು ತಿಂಗಳ ಒಳಗೆ, ಜೀವಮಾನಕ್ಕೆ ಒಂದೇ ಸಲ. ಆ ರೋಗ ಕಂದು ಹಾಕಿದ ದನದ ಮಾಸು ಮುಟ್ಟಿದವರಿಗೂ ಬರುತ್ತದೆ, ತಿಂಗಳುಗಟ್ಟಲೆ ಜ್ವರ, ಕೀಲುನೋವು. ಎಂಟು ತಿಂಗಳು ದಾಟಿದರೆ ಹಾಕುವುದಿಲ್ಲ. ನಾಳೆ ದವಾಖಾನೆಗೆ ಹೋದಾಗ ಕರು ಹುಟ್ಟಿದ ದಿನ ಹೇಳಿ, ಒಟ್ಟಿಗೇ ಎರಡೂ ಚುಚ್ಚಬಹುದಾ, ನಡುವೆ ಎಷ್ಟು ದಿನ ಬಿಡಬೇಕು ಎಂದು ಅಲ್ಲಿನ ಡಾಕ್ಟರನ್ನೇ ಕೇಳಿ. ಲಸಿಕೆ ಪಡೆದ ತಾರೀಕನ್ನು ಗೋಡೆಯ ಕ್ಯಾಲೆಂಡರಿನ ಮೇಲೆ, ಮಾವನವರಿಗೆ ಕಾಣುವ ಹಾಗೆ ಬರೆದಿಡಿ.